ಕ್ಯಾಂಪರ್ ವ್ಯಾನ್‌ಗೆ ಪುಟ್ಟ ಸೌರಫಲಕ: ಅಳವಡಿಕೆ ಹೇಗೆ?

ವ್ಯಾನಿನೊಳಗೇ ಮಲಗುವ, ಅಡುಗೆ ಮಾಡುವ ಏರ್ಪಾಡು ಮಾಡಿಕೊಂಡು ಊರೂರು ಸುತ್ತುವವರಿಗೆ ಮೊದಲು ಎದುರಾಗುವುದು ವಿದ್ಯುತ್ತಿನ ಪ್ರಶ್ನೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದಲೇ ರಾತ್ರಿಯಿಡೀ ದೀಪ, ಫ್ಯಾನು ನಡೆಸಿದರೆ ಬೆಳಗ್ಗೆ ವಾಹನ ಕದಲದೆ ಹೋಗಬಹುದು. ಜನಸಂಚಾರವಿಲ್ಲದ ಘಟ್ಟದ ತಿರುವಿನಲ್ಲಿ ಅದು ಸಣ್ಣ ತೊಂದರೆಯಲ್ಲ. ಹಾಗಾಗಿ ಒಳಬಳಕೆಗೆ ಪ್ರತ್ಯೇಕ ಬ್ಯಾಟರಿ, ಅದನ್ನು ತುಂಬಲು ಛಾವಣಿಯ ಮೇಲೊಂದು ಸೌರಫಲಕ ಇರಿಸುವುದು ರೂಢಿಯಾಗಿದೆ.

ಫಲಕ ಕೊಳ್ಳುವ ಮುನ್ನ ಖರ್ಚಿನ ಲೆಕ್ಕ ಹಾಕಬೇಕು. ತಲಾ 5 ವ್ಯಾಟ್‌ನ ಮೂರು ಎಲ್‌ಇಡಿ ದೀಪ ನಾಲ್ಕು ಗಂಟೆ ಉರಿದರೆ 60 ವ್ಯಾಟ್-ಗಂಟೆ. 20 ವ್ಯಾಟ್‌ನ ಫ್ಯಾನು ಎಂಟು ಗಂಟೆ ತಿರುಗಿದರೆ 160. ಎರಡು ಮೊಬೈಲ್‌ಗಳಿಗೆ ಸುಮಾರು 30. ಒಟ್ಟು 250. ಸುಡುಬಿಸಿಲಿನ ದಿನ 100 ವ್ಯಾಟ್‌ನ ಫಲಕ ಕಾಗದದ ಮೇಲೆ 500 ವ್ಯಾಟ್-ಗಂಟೆ ಕೊಟ್ಟೀತು. ಧೂಳು, ಕಾವು, ತಂತಿಯ ನಷ್ಟ ಕಳೆದು 350ರಷ್ಟು ದಕ್ಕಿದರೆ ಸಾಕೆನ್ನಬೇಕು. ಸಣ್ಣ ಫ್ರಿಜ್ ಸೇರಿದರೆ ಬೇಡಿಕೆ ಎರಡು-ಮೂರು ಪಟ್ಟಾಗುತ್ತದೆ. ಇಂಡಕ್ಷನ್ ಒಲೆಯ ಆಸೆಯನ್ನಂತೂ ಇಲ್ಲಿ ಬಿಡುವುದೇ ಲೇಸು.

ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚೆಂಬ ನಂಬಿಕೆ ಪೂರ್ತಿ ನಿಜವಲ್ಲ. ಫಲಕದ ಸಾಮರ್ಥ್ಯವನ್ನು ನಮೂದಿಸುವುದು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ. ಅದಕ್ಕಿಂತ ಪ್ರತಿ ಡಿಗ್ರಿ ಏರಿದಂತೆ ಶೇ. 0.4ರಷ್ಟು ಇಳಿಯುತ್ತದೆ. ಕಾದ ತಗಡಿಗೆ ಅಂಟಿಸದೆ ಕೆಳಗೆ ಗಾಳಿಯಾಡಲು ಒಂದೆರಡು ಇಂಚು ಬಿಡಬೇಕೆನ್ನುವುದು ಇದಕ್ಕಾಗಿಯೇ. ಕೋಶಗಳು ಸರಣಿಯಲ್ಲಿ ಜೋಡಣೆಗೊಂಡಿರುವುದರಿಂದ ಒಂದು ಕೊಂಬೆಯ ನೆರಳೂ ಉತ್ಪಾದನೆಯನ್ನು ಬಹಳವಾಗಿ ತಗ್ಗಿಸುತ್ತದೆ.

ಫಲಕವನ್ನು ಬ್ಯಾಟರಿಗೆ ನೇರವಾಗಿ ಜೋಡಿಸಕೂಡದು. ನಡುವೆ ಚಾರ್ಜ್ ಕಂಟ್ರೋಲರ್ ಇರಬೇಕು. ಒಂದೇ ಚಿಕ್ಕ ಫಲಕಕ್ಕೆ ಅಗ್ಗದ ಪಿಡಬ್ಲ್ಯುಎಂ ಮಾದರಿ ಸಾಕು. 200 ವ್ಯಾಟ್ ದಾಟಿದರೆ ದುಬಾರಿಯಾದರೂ ಎಂಪಿಪಿಟಿ ಲಾಭಕರ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಬಳಿಕ ಫಲಕ ಜೋಡಿಸಬೇಕು. ಬಿಚ್ಚುವಾಗ ಮೊದಲು ಫಲಕ.

ಬ್ಯಾಟರಿಯ ವಿಷಯದಲ್ಲಿ ಅವಸರ ಸಲ್ಲದು. 12 ವೋಲ್ಟ್, 100 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಲ್ಲಿ 1,200 ವ್ಯಾಟ್-ಗಂಟೆ ಇದ್ದರೂ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಆಯುಷ್ಯ ಕುಗ್ಗುತ್ತದೆ. ಅದು ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಹೊರಗಾಳಿಯ ಸಂಪರ್ಕ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಶೇ. 80ರಷ್ಟು ಬಳಸಬಹುದು, ಆದರೆ ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಲಡಾಖಿಗೆ ಹೊರಡುವವರು ಇದನ್ನು ಮರೆಯಬಾರದು.

ಬೆಂಕಿಯ ಭಯ ಫಲಕಕ್ಕಿಂತ ಬ್ಯಾಟರಿಯ ಕಡೆಯಿಂದಲೇ ಹೆಚ್ಚು. 100 ವ್ಯಾಟ್‌ನ ಫಲಕದಿಂದ ಹರಿಯುವುದು ಆರು ಆಂಪಿಯರ್ ಆಸುಪಾಸು. ಶಾರ್ಟ್ ಸರ್ಕ್ಯೂಟ್ ಆದ ಬ್ಯಾಟರಿಯಿಂದ ನೂರಾರು. ಧನಧ್ರುವದಿಂದ ಗೇಣುದೂರದೊಳಗೆ ಫ್ಯೂಸ್ ಇರಲೇಬೇಕು, ಅದರ ಅಳತೆ ತಂತಿಯ ಸಾಮರ್ಥ್ಯ ಮೀರಬಾರದು. ಕುಲುಕಾಟ ತಾಳಲು ಬಹುಎಳೆಯ ತಾಮ್ರದ ತಂತಿಯೇ ಯೋಗ್ಯ. ಫಲಕದಿಂದ ಕಂಟ್ರೋಲರ್‌ವರೆಗೆ 4 ಚದರ ಮಿ.ಮೀ. ಗಾತ್ರ ಸಾಕು. ತಗಡಿನ ರಂಧ್ರದಲ್ಲಿ ತಂತಿ ಉಜ್ಜದಂತೆ ರಬ್ಬರ್ ಬಳೆ ತೊಡಿಸಬೇಕು.

ಮಳೆಗಾಲದ ಮಲೆನಾಡಿನಲ್ಲಿ ಫಲಕವೊಂದನ್ನೇ ನಂಬಲಾಗದು. ವಾಹನ ಓಡುವಾಗ ಆಲ್ಟರ್ನೇಟರ್‌ನಿಂದ ಒಳಬಳಕೆಯ ಬ್ಯಾಟರಿ ತುಂಬುವ ಡಿಸಿ-ಡಿಸಿ ಚಾರ್ಜರ್ ಆಗ ನೆರವಾಗುತ್ತದೆ.

ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಛಾವಣಿ ಕೊರೆಯುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಆ ಗೊಡವೆಯೇ ಬೇಡವೆನ್ನುವವರಿಗೆ ಮಡಚುವ ಫಲಕಗಳಿವೆ. ವಾಹನವನ್ನು ಮರದಡಿ ನಿಲ್ಲಿಸಿ ಫಲಕವನ್ನಷ್ಟೇ ಬಿಸಿಲಿಗೆ ಹರಡಬಹುದು.