ಹಾಲಾಡಿ ಹೊಳೆಯ ನೀರು, ಪಂಪು ಮತ್ತು ರಿಲೇ

ಮಾಣಿ ಅಣೆಕಟ್ಟಿನಲ್ಲಿ ನಿಂತ ವಾರಾಹಿಯ ನೀರು ಘಟ್ಟವಿಳಿದು ಹೊಸಂಗಡಿಯ ಭೂಗತ ವಿದ್ಯುದಾಗಾರದಲ್ಲಿ ಚಕ್ರಗಳನ್ನು ತಿರುಗಿಸಿ, ಮತ್ತೆ ನದಿಗೆ ಸೇರಿ, ಸಿದ್ದಾಪುರವನ್ನು ದಾಟಿ ಹಾಲಾಡಿಗೆ ಬರುತ್ತದೆ. ಮುಂದೆ ಅದನ್ನು ಹಾಲಾಡಿ ಹೊಳೆಯೆಂದೇ ಕರೆಯುವುದುಂಟು. ತಲಾ 115 ಮೆಗಾವ್ಯಾಟಿನ ಎರಡು ಘಟಕಗಳು 1989–90ರಲ್ಲೂ ಇನ್ನೆರಡು 2009ರಲ್ಲೂ ಚಾಲನೆಗೊಂಡು, ವಿದ್ಯುದಾಗಾರದ ಒಟ್ಟು ಸಾಮರ್ಥ್ಯ 460 ಮೆಗಾವ್ಯಾಟಿಗೆ ಏರಿತು. ವಿದ್ಯುತ್ತನ್ನು ಹುಟ್ಟಿಸಿ ಬಂದ ನೀರನ್ನು ಅಡಿಕೆ, ತೆಂಗಿನ ತೋಟಗಳಿಗೆ ಎತ್ತುವುದಕ್ಕೆ ಮತ್ತೆ ವಿದ್ಯುತ್ತೇ ಬೇಕಾಗುವ ಈ ಸೀಮೆಯಲ್ಲಿ, ಸ್ವಯಂಚಾಲನೆಯ ಚರಿತ್ರೆಯನ್ನು ಕಾರ್ಖಾನೆಗಿಂತ ಮೊದಲು ಪಂಪುಶೆಡ್ಡಿನಲ್ಲಿ ಹುಡುಕಬೇಕು.

ಏತದ ಕಾಲದಲ್ಲಿ ನೀರೆತ್ತುವವನೇ ನಿಯಂತ್ರಕನಾಗಿದ್ದನು. ಡೀಸೆಲ್ ಎಂಜಿನ್ನಿಗೂ ಪಕ್ಕದಲ್ಲಿ ಒಬ್ಬ ಆಳು ಬೇಕಿತ್ತು. ವಿದ್ಯುತ್ ಮೋಟಾರು ಬಂದ ಮೇಲೆ ಆ ಕಾವಲನ್ನು ಗೋಡೆಯ ಮೇಲಿನ ಸ್ಟಾರ್ಟರ್ ವಹಿಸಿಕೊಂಡಿತು. ಹಸಿರು ಗುಂಡಿಯನ್ನು ಒತ್ತಿದಾಗ ಅದರೊಳಗಿನ ಕಾಯಿಲ್ ಅಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಸೆಳೆದು ಸಂಪರ್ಕವನ್ನು ಹಿಡಿದಿಡುತ್ತದೆ. ಕರೆಂಟು ಹೋದರೆ ಹಿಡಿತ ತಪ್ಪಿ ಮೋಟಾರು ನಿಲ್ಲುತ್ತದೆ. ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹೀಗೆ ಬಿಡುವ, ತಡೆಯುವ ಸಾಧನವೇ ರಿಲೇ. ಅಮೆರಿಕದ ಜೋಸೆಫ್ ಹೆನ್ರಿ 1835ರ ಹೊತ್ತಿಗೇ ಇದನ್ನು ರೂಪಿಸಿದ್ದನು.

ತ್ರೀ ಫೇಸ್ ಕರೆಂಟು ಗೊತ್ತಾದ ಕೆಲವೇ ಗಂಟೆಗಳು, ಅದೂ ಹಲವೊಮ್ಮೆ ನಡುರಾತ್ರಿಯಲ್ಲಿ, ಬರುವುದರಿಂದ ರೈತರು ಸ್ಟಾರ್ಟರಿಗೆ ‘ಆಟೋ’ ಸ್ವಿಚ್ಚನ್ನು ಜೋಡಿಸಿಕೊಂಡರು. ಇದರ ದೋಷವೂ ಬೇಗನೆ ಕಂಡಿತು: ಕರೆಂಟು ಬಂದೊಡನೆ ಒಂದೇ ಮಾರ್ಗದ ಹತ್ತಾರು ಪಂಪುಗಳು ಒಟ್ಟಿಗೆ ಹೊರಟರೆ, ಪ್ರತಿಯೊಂದೂ ಆರಂಭದ ಕ್ಷಣದಲ್ಲಿ ವಾಡಿಕೆಯ ಹಲವು ಪಟ್ಟು ವಿದ್ಯುತ್ತನ್ನು ಎಳೆಯುವುದರಿಂದ, ವೋಲ್ಟೇಜು ಕುಸಿದು ಟ್ರಾನ್ಸ್‌ಫಾರ್ಮರಿಗೆ ಪೆಟ್ಟು ಬೀಳುತ್ತದೆ. ಮೂರರಲ್ಲಿ ಒಂದು ಫೇಸ್ ಇಲ್ಲದೆ ಮೋಟಾರು ಓಡಿದರೆ ವೈಂಡಿಂಗ್ ಸುಡುತ್ತದೆ, ಬಾವಿ ಬತ್ತಿದ್ದಾಗ ಓಡಿದರೆ ಪಂಪು ಕೆಡುತ್ತದೆ. ಹಾಗಾಗಿ ಇವಕ್ಕೆ ಒಂದೊಂದು ರಿಲೇ ಸೇರುತ್ತ ಹೋಗಿ, ಸ್ಟಾರ್ಟರಿನ ಡಬ್ಬಿ ವಯರುಗಳ ಗೋಜಲಾಯಿತು.

ಆ ಗೋಜಲಿನಲ್ಲೂ ಒಂದು ತರ್ಕವಿದೆ. ಮೂರೂ ಫೇಸ್ ಇರಬೇಕು, ಬಾವಿಯಲ್ಲಿ ನೀರಿರಬೇಕು, ಟ್ಯಾಂಕು ತುಂಬಿರಬಾರದು ಎಂಬ ಷರತ್ತುಗಳ ಸಂಪರ್ಕಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದರೆ, ಎಲ್ಲವೂ ಕೂಡಿಬಂದಾಗ ಮಾತ್ರ ಪಂಪು ಓಡುತ್ತದೆ. ರಿಲೇ ಜೋಡಣೆಯೂ ತರ್ಕಶಾಸ್ತ್ರದ ಬೀಜಗಣಿತವೂ ಒಂದೇ ಎಂಬುದನ್ನು ಕ್ಲಾಡ್ ಶ್ಯಾನನ್ 1937ರ ತನ್ನ ಪ್ರಬಂಧದಲ್ಲಿ ತೋರಿಸಿದ್ದನು. ಜನರಲ್ ಮೋಟಾರ್ಸ್ ಕಂಪನಿಯು 1968ರಲ್ಲಿ ರಿಲೇ ಕಪಾಟುಗಳಿಗೆ ಬದಲಿಯನ್ನು ಕೇಳಿದಾಗ, ಡಿಕ್ ಮೋರ್ಲಿಯ ತಂಡವು ಮೋಡಿಕಾನ್ 084 ಎಂಬ ನಿಯಂತ್ರಕವನ್ನು ನಿರ್ಮಿಸಿತು; ಅದೇ ಚಿಂತನೆಯನ್ನು ಅಂಗೈಯಗಲಕ್ಕೆ ಇಳಿಸಿ, ಸೀಮೆನ್ಸ್ 1996ರಲ್ಲಿ ‘ಲೋಗೋ’ ಎಂಬ ಸಾಧನವನ್ನು ತಂದಿತು. ಸಾಮಾನ್ಯವಾಗಿ ಎಂಟು ಸಂಕೇತಗಳನ್ನು ಓದಿ ನಾಲ್ಕು ಸಂಪರ್ಕಗಳನ್ನು ನಡೆಸುವ ಇಂತಹ ಪ್ರೋಗ್ರಾಮೆಬಲ್ ಲಾಜಿಕ್ ರಿಲೇಯಲ್ಲಿ ಷರತ್ತು ಬದಲಾದರೆ ಹೆಚ್ಚಿನ ಪಾಲು ವಯರು ಬಿಚ್ಚಬೇಕಾಗಿಲ್ಲ, ಒಳಗಿನ ಬರವಣಿಗೆಯನ್ನು ತಿದ್ದಿದರೆ ಸಾಕು.

ಬೆಲೆಯೂ ಮುಂಗಾರಿಗೆ ಮುಂಚಿನ ಸಿಡಿಲೂ ಇದಕ್ಕೆ ತೊಡಕುಗಳೇ. ಒಂದೇ ಪಂಪಿನ ತೋಟಕ್ಕೆ ಹಳೆಯ ಸ್ಟಾರ್ಟರೇ ಸಾಲುತ್ತದೆ. ಆದರೆ ಬಾವಿ, ಹೊಳೆ ಎರಡರಿಂದಲೂ ನೀರೆತ್ತಿ ಹಲವು ವಾಲ್ವುಗಳಿಗೆ ಹಂಚುವಲ್ಲಿ ಈ ರಿಲೇ ತನ್ನ ಬೆಲೆಯನ್ನು ತೀರಿಸುತ್ತದೆ. ಆಟೋ ಸ್ವಿಚ್ಚನ್ನು ಕಿತ್ತುಹಾಕಿಸುವುದಕ್ಕಿಂತ, ಒಂದು ಪಂಪು ಕರೆಂಟು ಬಂದ ಎರಡು ನಿಮಿಷಕ್ಕೆ, ಪಕ್ಕದ್ದು ಐದು ನಿಮಿಷಕ್ಕೆ ಹೊರಡುವಂತೆ ಕಾಲವನ್ನು ಹೊಂದಿಸುವುದೇ ಟ್ರಾನ್ಸ್‌ಫಾರ್ಮರಿಗೂ ರೈತನಿಗೂ ಹಿತವಾದ ದಾರಿ.