ಪ್ರಸಾಧನ ಮತ್ತು ಶುಚಿಕಾರಕಗಳಲ್ಲಿನ ಹಾನಿಕಾರಕ ರಾಸಾಯನಿಕಗಳು

ಮುಖ, ಮೈ, ಕೂದಲಿಗೆ ಹಚ್ಚುವ ಪ್ರಸಾಧನಗಳಲ್ಲಿಯೂ ನೆಲ, ಬಚ್ಚಲು, ಪಾತ್ರೆ, ಬಟ್ಟೆ ತೊಳೆಯಲು ಬಳಸುವ ಪದಾರ್ಥಗಳಲ್ಲಿಯೂ ಇದ್ದು, ಚರ್ಮ, ಕಣ್ಣು, ಶ್ವಾಸಕೋಶ, ಮೂತ್ರಪಿಂಡ, ನರಮಂಡಲಗಳಿಗೆ ಕೇಡು ಮಾಡಬಲ್ಲ ವಸ್ತುಗಳು. ಯಾವುದೇ ರಾಸಾಯನಿಕದ ಅಪಾಯವನ್ನು ಅದರ ಹೆಸರಿನಿಂದಲೇ ಅಳೆಯಲಾಗದು. ಎಷ್ಟು ಪ್ರಮಾಣದಲ್ಲಿದೆ, ಯಾವ ದಾರಿಯಲ್ಲಿ ದೇಹ ಸೇರುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬ ಮೂರೂ ಸೇರಿ ಅದನ್ನು ನಿರ್ಧರಿಸುತ್ತವೆ. ಎರಡು ನಿಮಿಷದಲ್ಲಿ ತೊಳೆದುಹೋಗುವ ಶಾಂಪೂವಿನಲ್ಲಿ ಸಹ್ಯವಾದದ್ದು ರಾತ್ರಿಯಿಡೀ ಮುಖದ ಮೇಲಿರುವ ಕ್ರೀಮಿನಲ್ಲಿ ಸಹ್ಯವಲ್ಲ. ಸಾರ್ವಜನಿಕ ಚರ್ಚೆಯಲ್ಲಿ ಹೆಚ್ಚು ಸದ್ದು ಮಾಡುವುದು ಪ್ಯಾರಬೆನ್, ಸಲ್ಫೇಟ್‌ಗಳಂಥ ಹೊಸ ಹೆಸರುಗಳು. ಆದರೆ ಭಾರತದ ಮನೆಗಳಲ್ಲಿ ಕಣ್ಣಿಗೆ ಕಾಣುವಂತೆ ಅಂಗ ಕೆಡಿಸಿರುವವು, ಜೀವ ತೆಗೆದಿರುವವು ಬಹುಮಟ್ಟಿಗೆ ಹಳೆಯ ವಿಷಗಳೇ: ಪಾದರಸ, ಸೀಸ, ಆ್ಯಸಿಡ್, ಕೂದಲಿನ ಬಣ್ಣದ ಪಿಪಿಡಿ, ನಾಫ್ತಲೀನ್.

ಇವುಗಳಲ್ಲಿ ಪಾದರಸಕ್ಕೆ ಮೊದಲ ಸ್ಥಾನ ಸಲ್ಲಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೊಸಿನೇಸ್ ಎಂಬ ಕಿಣ್ವ ಬೇಕು. ಪಾದರಸದ ಲವಣಗಳು ಆ ಕಿಣ್ವವನ್ನು ತಡೆಯುತ್ತವೆ. ಕೆಲವೇ ವಾರಗಳಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ಅದೇ ಪಾದರಸ ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡದಲ್ಲಿ ಶೇಖರವಾಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ಮೂತ್ರಪಿಂಡ ತಜ್ಞರು ಇತ್ತೀಚಿನ ವರ್ಷಗಳಲ್ಲಿ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆಯ ರೋಗಿಗಳಲ್ಲಿ ಒಂದು ಸಾಮ್ಯ ಗುರುತಿಸಿದರು. ಅವರಲ್ಲಿ ಹಲವರು ಮುಖ ಬೆಳ್ಳಗಾಗಲೆಂದು ಕ್ರೀಮು ಹಚ್ಚುತ್ತಿದ್ದರು. ಈ ಕಾಯಿಲೆಯಲ್ಲಿ ಮೂತ್ರಪಿಂಡದ ಸೋಸುಪೊರೆ ಕೆಟ್ಟು ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ, ಮೂತ್ರ ನೊರೆನೊರೆಯಾಗುತ್ತದೆ, ಕಾಲು ಬಾತುಕೊಳ್ಳುತ್ತದೆ. ಬೇಗ ಪತ್ತೆಯಾಗಿ ಕ್ರೀಮು ನಿಲ್ಲಿಸಿದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ ಎಂಬುದು ಸಮಾಧಾನದ ವಿಷಯ. ಕ್ರೀಮು ಹಚ್ಚಿದವರಷ್ಟೇ ಅಲ್ಲ, ಅವರ ಟವೆಲು, ದಿಂಬು ಬಳಸುವವರಿಗೂ ಅವರು ಎತ್ತಿ ಆಡಿಸುವ ಮಗುವಿಗೂ ಪಾದರಸ ದಾಟಬಹುದು.

ಪಾದರಸ ನಿಯಂತ್ರಣದ ಮಿನಮಾತ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಭಾರತದ ಪ್ರಸಾಧನ ನಿಯಮಗಳು ಪಾದರಸವನ್ನು ಬೇಕೆಂದು ಬೆರೆಸುವುದನ್ನು ನಿಷೇಧಿಸಿವೆ. ತಯಾರಿಕೆಯಲ್ಲಿ ಅರಿಯದೆ ಸೇರಿದರೂ ಅದು ದಶಲಕ್ಷದಲ್ಲಿ ಒಂದು ಭಾಗ ಮೀರಬಾರದು. ಕಣ್ಣಿನ ಸುತ್ತ ಹಚ್ಚುವವುಗಳಿಗೆ ಮಾತ್ರ 70 ಭಾಗದ ಮಿತಿಯಿದೆ. ಆದರೂ ತಯಾರಕರ ವಿಳಾಸವಿಲ್ಲದ, ಹೊರದೇಶದಿಂದ ಬ್ಯಾಗಿನಲ್ಲಿ ಬಂದ, ಆನ್‌ಲೈನಿನಲ್ಲಿ ಕೊಂಡ ಡಬ್ಬಿಗಳ ಮೂಲಕ ಅದು ಒಳಬರುತ್ತಲೇ ಇದೆ. ಪಾದರಸ ಚಿನ್ನ ಬೆಳ್ಳಿಯೊಡನೆ ಸುಲಭವಾಗಿ ಬೆರೆಯುವುದರಿಂದ ‘ಒಡವೆಗೆ ತಾಗಿಸಬೇಡಿ’ ಎಂಬ ಸೂಚನೆ ಡಬ್ಬಿಯ ಮೇಲಿದ್ದರೆ ಅನುಮಾನಿಸಬೇಕು. ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್ ಎಂಬ ಹೆಸರುಗಳು ಕಂಡರಂತೂ ಅನುಮಾನಕ್ಕೂ ಎಡೆಯಿಲ್ಲ.

ಮುಖ ಬೆಳ್ಳಗೆ ಮಾಡುವ ಇನ್ನೊಂದು ಬಗೆಯ ಕ್ರೀಮು ಔಷಧಿ ಅಂಗಡಿಯದು. ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಕೂಡಿದ ಈ ಮುಲಾಮನ್ನು ಚರ್ಮವೈದ್ಯರು ಅಲ್ಪಕಾಲಕ್ಕೆಂದು ಬರೆದುಕೊಡುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಕೆಂಪು ಎಳೆಗಳಾಗಿ ಕಾಣಿಸಿ, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಮಾಡಿತು.

ಸೀಸ ನಮ್ಮಲ್ಲಿ ಮಂಗಳದ್ರವ್ಯದ ವೇಷದಲ್ಲಿ ಬರುತ್ತದೆ. ಅರಿಸಿನಕ್ಕೆ ಕ್ಷಾರ ಬೆರೆಸಿ ಮಾಡುವ ಕುಂಕುಮದಲ್ಲಿ ಅದಕ್ಕೆ ಜಾಗವಿಲ್ಲ. ಕಡು ಬಣ್ಣಕ್ಕಾಗಿ ಕೆಂಪು ಸೀಸ ಬೆರೆಸಿದ ಸಿಂಧೂರ, ಗೆಲೀನ ಎಂಬ ಸೀಸದ ಅದಿರನ್ನು ಅರೆದು ಮಾಡಿದ ಸುರ್ಮಾ ಆತಂಕಕ್ಕೆ ಕಾರಣ. ಮಗುವಿನ ಕಣ್ಣಿಗೆ ಹಚ್ಚಿದ್ದು ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಬೆಳೆಯುವ ಮಿದುಳಿಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತವೆಂದು ತೋರಿಸಲಾಗಿಲ್ಲ. ಮನೆಯಲ್ಲಿ ದೀಪದ ಮಸಿಯಿಂದ ಮಾಡಿದ ಕಾಡಿಗೆಯಲ್ಲಿ ಈ ಸೀಸವಿಲ್ಲ. ಹಾಗೆಂದು ಹಸುಗೂಸಿನ ಕಣ್ಣಿಗೆ ಬೆರಳಿಂದ ಅದನ್ನು ಹಚ್ಚುವುದೂ ಸರಿಯಲ್ಲ, ಸೋಂಕಿನ ಭಯ ಇದ್ದೇ ಇದೆ.

ಕೂದಲು ಕಪ್ಪಾಗಿಸುವ ಹೆಚ್ಚಿನ ಹೇರ್ ಡೈಗಳ ಮೂಲದ್ರವ್ಯ ಪಿಪಿಡಿ, ಅಂದರೆ ಪ್ಯಾರಾ-ಫಿನೈಲಿನ್ ಡೈಅಮೀನ್. ಒಮ್ಮೆ ಇದಕ್ಕೆ ಅಲರ್ಜಿ ಹುಟ್ಟಿದರೆ ಅದು ಸಾಮಾನ್ಯವಾಗಿ ಜೀವಮಾನದುದ್ದಕ್ಕೂ ಉಳಿಯುತ್ತದೆ; ತಲೆ ಕಡಿತದಿಂದ ಮೊದಲಾಗಿ ಮುಖವೆಲ್ಲ ಊದುವವರೆಗೆ ಹೋಗಬಹುದು. ಮದುವೆ, ಜಾತ್ರೆಗಳಲ್ಲಿ ಬೇಗ ಕಪ್ಪೇರಲೆಂದು ಹಾಕುವ ‘ಕಪ್ಪು ಮೆಹಂದಿ’ಯಲ್ಲಿ ಬೆರೆಸುವುದೂ ಇದನ್ನೇ. ಮದರಂಗಿ ಸೊಪ್ಪು ಕೊಡುವುದು ಕೆಂಪು ಬಣ್ಣ, ಅದು ಗಂಟೆಯೊಳಗೆ ಕಪ್ಪಾಗುವುದಿಲ್ಲ. ಹೊಟ್ಟೆಗೆ ಹೋದರೆ ಪಿಪಿಡಿ ಘೋರ ವಿಷ: ಗಂಟಲು ಊದಿ ಉಸಿರು ಕಟ್ಟುತ್ತದೆ, ಸ್ನಾಯುಗಳು ಕರಗಿ ಮೂತ್ರಪಿಂಡ ನಿಲ್ಲುತ್ತದೆ, ನಿರ್ದಿಷ್ಟ ಪ್ರತಿವಿಷವಿಲ್ಲ. ದಕ್ಷಿಣ ಭಾರತದ ತುರ್ತುಚಿಕಿತ್ಸಾ ವಿಭಾಗಗಳಿಗೆ ಇದು ಪರಿಚಿತ ದುರಂತ. ಅಮೆರಿಕದಲ್ಲಿ 1930ರ ದಶಕದಲ್ಲಿ ಲ್ಯಾಷ್ ಲ್ಯೂರ್ ಎಂಬ ರೆಪ್ಪೆಯ ಬಣ್ಣದಿಂದ ಹೆಂಗಸರು ಕುರುಡಾದ ಪ್ರಕರಣ, ಪ್ರಸಾಧನಗಳನ್ನು ಮೊದಲ ಬಾರಿಗೆ ಒಕ್ಕೂಟ ಕಾನೂನಿನಡಿ ತಂದ 1938ರ ಕಾಯಿದೆಗೆ ಒತ್ತಾಸೆಯಾಯಿತು. ಹುಬ್ಬು, ರೆಪ್ಪೆಗೆ ಹಚ್ಚಿದರೆ ಕುರುಡುತನ ಬರಬಹುದೆಂಬ ಎಚ್ಚರಿಕೆಯನ್ನು ಭಾರತದಲ್ಲಿಯೂ ಡೈ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಮತ್ತು ಸ್ಥಳೀಯ ಭಾಷೆಯಲ್ಲಿ ಮುದ್ರಿಸಬೇಕು. ಅಕ್ಷರ ಎಷ್ಟು ಸಣ್ಣದೆಂದರೆ ಡೈ ಹಚ್ಚುವ ವಯಸ್ಸಿನವರಿಗೆ ಕನ್ನಡಕವಿಲ್ಲದೆ ಓದಲಾಗದು. ಇದು ಸರಿಪಡಿಸಲೇಬೇಕಾದ ಲೋಪ.

ಕೂದಲು ನೇರ ಮಾಡುವ ಕೆಲವು ‘ಕೆರಾಟಿನ್’ ದ್ರಾವಣಗಳು ಬಿಸಿ ಇಸ್ತ್ರಿಗೆ ಫಾರ್ಮಾಲ್ಡಿಹೈಡ್ ಆವಿ ಬಿಡುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತೀರ್ಮಾನಿಸಿದೆ. ಗಿರಾಕಿ ಅದನ್ನು ಉಸಿರಾಡುವುದು ವರ್ಷಕ್ಕೆ ಒಂದೆರಡು ಸಲ, ಪಾರ್ಲರಿನ ಕೆಲಸದ ಹುಡುಗಿ ದಿನವೂ.

ಸಂರಕ್ಷಕಗಳ ಚರಿತ್ರೆ ಬೇರೆಯೇ ಪಾಠ ಹೇಳುತ್ತದೆ. ನೀರಿರುವ ಕ್ರೀಮಿಗೆ ಸಂರಕ್ಷಕ ಬೇಕೇ ಬೇಕು, ಇಲ್ಲದಿದ್ದರೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. 2004ರಲ್ಲಿ ಸ್ತನದ ಗಡ್ಡೆಗಳಲ್ಲಿ ಪ್ಯಾರಬೆನ್ ಎಂಬ ಸಂರಕ್ಷಕ ಪತ್ತೆಯಾದ ವರದಿ ಬಂದ ಮೇಲೆ ಭೀತಿ ಹಬ್ಬಿತು. ಅದು ಗಡ್ಡೆಗೆ ಕಾರಣವೆಂದು ಆ ಅಧ್ಯಯನ ತೋರಿಸಿರಲಿಲ್ಲ. ಐರೋಪ್ಯ ಒಕ್ಕೂಟ 2014ರಲ್ಲಿ ಐದು ಬಗೆಯ ಪ್ಯಾರಬೆನ್‌ಗಳನ್ನು ನಿಷೇಧಿಸಿ, ಮೀಥೈಲ್, ಈಥೈಲ್‌ನಂಥವನ್ನು ಮಿತಿಯೊಳಗೆ ಉಳಿಸಿಕೊಂಡಿತು. ಆ ನಿಷೇಧಕ್ಕೂ ಮೊದಲೇ ‘ಪ್ಯಾರಬೆನ್‌ಮುಕ್ತ’ ಎನ್ನಿಸಿಕೊಳ್ಳಲು ಅನೇಕ ತಯಾರಕರು ಮೀಥೈಲ್ ಐಸೋಥಯಾಜೋಲಿನೋನ್ ಎಂಬ ಇನ್ನೊಂದು ಸಂರಕ್ಷಕಕ್ಕೆ ಜಿಗಿದಿದ್ದರು. ಅದರಿಂದ ಯುರೋಪಿನಲ್ಲಿ ಚರ್ಮದ ಅಲರ್ಜಿ ಎಷ್ಟು ಹರಡಿತೆಂದರೆ ಅಮೆರಿಕದ ಚರ್ಮವೈದ್ಯರ ಸಂಘವೊಂದು 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕವೆಂದು ಸಾರಿತು. ಹೆದರಿಕೆಯ ಹೆಸರನ್ನು ತೆಗೆದ ಮಾತ್ರಕ್ಕೆ ಸರಕು ಸುರಕ್ಷಿತವಾಗುವುದಿಲ್ಲ.

ಕ್ರಿಮಿನಾಶಕ ಸೋಪು, ಪೌಡರುಗಳ ಕಥೆ ಇನ್ನೂ ಕಠೋರ. 1972ರಲ್ಲಿ ಫ್ರಾನ್ಸ್‌ನಲ್ಲಿ ತಯಾರಿಕೆಯ ತಪ್ಪಿನಿಂದ ಹೆಕ್ಸಾಕ್ಲೋರೊಫೀನ್ ಎಂಬ ಕ್ರಿಮಿನಾಶಕ ಶೇ. 6ರಷ್ಟು ಸೇರಿದ ಮಕ್ಕಳ ಪೌಡರು ಬಳಸಿ 36 ಶಿಶುಗಳು ಸತ್ತವು. ಅದರ ನಂತರ ಹೆಚ್ಚು ಬಳಕೆಗೆ ಬಂದ ಟ್ರೈಕ್ಲೋಸಾನ್ ಸಾಮಾನ್ಯ ಸೋಪು ನೀರಿಗಿಂತ ಮೇಲೆಂದು ತಯಾರಕರು ಸಾಬೀತು ಮಾಡದ ಕಾರಣ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಕೈತೊಳೆವ ಸೋಪುಗಳಲ್ಲಿ ಅದನ್ನು ನಿಷೇಧಿಸಿತು.

ಶುಚಿಕಾರಕಗಳಲ್ಲಿ ಅಪಾಯ ಹೆಚ್ಚಾಗಿ ಹುಟ್ಟುವುದು ಬೆರಕೆಯಲ್ಲಿ. ಶೌಚಾಲಯ ತೊಳೆಯುವ ದ್ರವಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಬ್ಲೀಚಿನಲ್ಲಿ ಸೋಡಿಯಂ ಹೈಪೋಕ್ಲೋರೈಟ್, ಬ್ಲೀಚಿಂಗ್ ಪೌಡರಿನಲ್ಲಿ ಅದರ ಕ್ಯಾಲ್ಸಿಯಂ ರೂಪ. ಹಟಮಾರಿ ಕಲೆ ಹೋಗಲೆಂದು ಎರಡನ್ನೂ ಸುರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲವೇ ಅದು. ಬ್ಲೀಚಿಗೆ ಅಮೋನಿಯ ಸೇರಿದರೆ ಕ್ಲೋರಮೀನ್. ಕಿಟಕಿ ಕಿರಿದಾದ ಬಚ್ಚಲಿನಲ್ಲಿ ಬಾಗಿ ಉಜ್ಜುವವರ ಮೂಗಿಗೆ ಈ ಅನಿಲಗಳು ನೇರವಾಗಿ ಬಡಿಯುತ್ತವೆ. ಕೆಮ್ಮು, ಎದೆ ಬಿಗಿತ, ಕೆಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುವುದೂ ಉಂಟು. ಬಚ್ಚಲು ತೊಳೆಯುವ ಬಿಡಿ ಆ್ಯಸಿಡ್ ಮುಖ ಸುಡುವ ಅಸ್ತ್ರವೂ ಆದದ್ದರಿಂದ, 2013ರಲ್ಲಿ ಆ್ಯಸಿಡ್ ದಾಳಿಗೆ ಗುರಿಯಾದ ಲಕ್ಷ್ಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಳ್ಳುವವರ ಗುರುತಿನ ದಾಖಲೆ ಪಡೆದೇ ಅದನ್ನು ಮಾರಬೇಕೆಂದು ಆದೇಶಿಸಿತು.

ಆ್ಯಸಿಡನ್ನೂ ಫಿನಾಯಿಲನ್ನೂ ಹಳೆಯ ನೀರಿನ ಬಾಟಲಿಗೆ ತುಂಬಿಡುವ ರೂಢಿ ಮಕ್ಕಳ ಪಾಲಿಗೆ ಬಲು ಕೆಟ್ಟದ್ದು. ಬಿಳಿ ಫಿನಾಯಿಲ್ ನೋಡಲು ಹಾಲಿನಂತಿರುತ್ತದೆ. ಕೊಳವೆಯ ಕಸ ಕರಗಿಸುವ ಕಾಸ್ಟಿಕ್ ಸೋಡಾ ಅನ್ನನಾಳವನ್ನು ಆಳಕ್ಕೆ ಕೊರೆಯುತ್ತದೆ. ಬದುಕುಳಿದ ಮಗುವಿಗೂ ಅನ್ನನಾಳ ಮುದುಡಿ ವರ್ಷಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ. ಇವನ್ನು ಕುಡಿದವರಿಗೆ ವಾಂತಿ ಮಾಡಿಸಬಾರದು, ಮೇಲೆ ಬರುವಾಗ ಅದೇ ದಾರಿ ಮತ್ತೊಮ್ಮೆ ಸುಡುತ್ತದೆ. ಕಣ್ಣಿಗೆ ಸಿಡಿದರೆ ಕಾಲು ಗಂಟೆಗೆ ಕಡಮೆಯಿಲ್ಲದೆ ಹರಿಯುವ ನೀರಿನಲ್ಲಿ ತೊಳೆದು, ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಹಗಲಿರುಳೂ ದೂರವಾಣಿಯಲ್ಲಿ ಸಲಹೆ ನೀಡುತ್ತದೆ.

ನಾಫ್ತಲೀನ್ ಗುಳಿಗೆಯದು ಮರೆತುಹೋದ ಅಪಾಯ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹಸುಗೂಸಿಗೆಂದು ಟ್ರಂಕಿನಿಂದ ತೆಗೆದ ಮೆತ್ತನೆಯ ಹಳೆ ಬಟ್ಟೆಯಲ್ಲಿ ಉಳಿದ ಆವಿಯಷ್ಟೇ ಸಾಕು, ಕಾಮಾಲೆ ಏರಿ ಮಿದುಳಿಗೆ ಹಾನಿಯಾಗಬಲ್ಲದು. ಐರೋಪ್ಯ ಒಕ್ಕೂಟದಲ್ಲಿ 2008ರಿಂದ ಈ ಗುಳಿಗೆಗಳ ಮಾರಾಟವಿಲ್ಲ. ನಮ್ಮಲ್ಲಿ ಕೈತೊಳೆಯುವ ತೊಟ್ಟಿಯಲ್ಲಿಯೂ ಅವು ಬಿದ್ದಿರುತ್ತವೆ.

ನಿಧಾನ ಹಾನಿಯ ಭಾರ ಹೊರುವವರು ಮನೆಗೆಲಸದವರು ಮತ್ತು ಕಚೇರಿ, ಆಸ್ಪತ್ರೆಗಳ ಸ್ವಚ್ಛತಾ ಸಿಬ್ಬಂದಿ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಸುಮಾರು 20 ವರ್ಷ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ, ಶುಚಿಗೊಳಿಸುವ ಕೆಲಸ ಮಾಡುವ ಹೆಂಗಸರ ಶ್ವಾಸಶಕ್ತಿ ಉಳಿದವರಿಗಿಂತ ಬೇಗ ಕುಗ್ಗುವುದನ್ನು ಕಂಡಿತು. ಸ್ಪ್ರೇ ರೂಪದವು ಸೂಕ್ಷ್ಮ ಹನಿಗಳಾಗಿ ಒಳಕ್ಕೆ ಹೋಗುವುದರಿಂದ ಹೆಚ್ಚು ಕೆಡಕು. ಬಟ್ಟೆಗೆ ಹನಿಸಿ ಒರೆಸುವುದು ಮೇಲು.

ಭಾರತದಲ್ಲಿ ಪ್ರಸಾಧನಗಳು 1940ರ ಔಷಧ ಮತ್ತು ಪ್ರಸಾಧನ ಕಾಯಿದೆ ಹಾಗೂ 2020ರ ಪ್ರಸಾಧನ ನಿಯಮಗಳಿಗೆ ಒಳಪಟ್ಟಿವೆ. ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಸುಗಂಧ ಮಾತ್ರ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳನ್ನು ಅಡಗಿಸಿಕೊಳ್ಳಬಹುದು. ನೆಲ, ಬಚ್ಚಲು ತೊಳೆಯುವ ಸರಕುಗಳ ಮೇಲೆ ಪೂರ್ಣ ಪಟ್ಟಿ ಕಾಣುವುದು ಅಪರೂಪ. ಕ್ಯಾಲಿಫೋರ್ನಿಯ ರಾಜ್ಯ 2017ರಲ್ಲಿ ಶುಚಿಕಾರಕಗಳಿಗೂ ಘಟಕ ಪ್ರಕಟಣೆಯನ್ನು ಕಡ್ಡಾಯಗೊಳಿಸಿತು. ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು ಬೀದಿ ಬೀದಿ ಮಾರುವ ಬಿಡಿ ಫಿನಾಯಿಲಿಗೆ ನಮ್ಮಲ್ಲಿ ಚೀಟಿಯೇ ಇರುವುದಿಲ್ಲ.