ಖಾಲಿ ಜಾಗದ ಚರಿತ್ರೆ

ಮಾಗಡಿ, ಕುದೂರು, ತಿಪ್ಪಸಂದ್ರದ ಕಡೆಯಿಂದ ಕೂಲಿಗೋ ಕಾಲೇಜಿಗೋ ಕೋರ್ಟಿಗೋ ಬೆಂಗಳೂರಿಗೆ ಹೋಗುವ ನಮ್ಮ ಜನ ಮೆಜೆಸ್ಟಿಕ್ಕಿನಲ್ಲಿ ಇಳಿದು ನಿಲ್ಲುವುದು ಒಂದು ಕೆರೆಯ ಅಂಗಳದಲ್ಲಿ. ಆ ಕೆರೆಯ ಹೆಸರು ಧರ್ಮಾಂಬುಧಿ. ಕೆಂಪೇಗೌಡರ ಕಾಲದ್ದು ಅಂತಾರೆ. ಪೇಟೆಯ ಜನಕ್ಕೆ ನೀರು ಕೊಟ್ಟ ಕೆರೆ ಅದು. ಈಗ ಅದರ ಏರಿ ಉಳಿದಿರುವುದು ಪಕ್ಕದ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಮಾತ್ರ.

1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಹೆಸರು ಎಲ್ಲರಿಗೂ ಗೊತ್ತು. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರು ಹಿಡಿದ ಮೇಲೆ ಅವರ ವಂಶ ನಮ್ಮ ಮಾಗಡಿಗೆ ಬಂದದ್ದೂ ಗೊತ್ತು. ಕೆರೆಗೆ ಮಣ್ಣು ಹೊತ್ತವರು ಯಾರು? ಅವರ ಹೆಸರು ಯಾವ ಶಾಸನದಲ್ಲಿದೆ?

ಹಳೇ ಮೈಸೂರಿನ ಊರುಗಳಲ್ಲಿ ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಾಯಿಸುತ್ತಿದ್ದವನು ನೀರುಗಂಟಿ. ಹೆಚ್ಚಿನ ಕಡೆ ಅವನು ನಮ್ಮ ಕೇರಿಯವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಅವನ ತಲೆಯಲ್ಲಿತ್ತು. ಆದರೆ ಊರಿನ ಬಾವಿಗೆ ಅವನು ಕೊಡ ಇಳಿಸುವಂತಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಮುಟ್ಟಿ ಕುಡಿದದ್ದು ಈ ಅನ್ಯಾಯದ ವಿರುದ್ಧ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ನಮ್ಮ ನಾಡಿನಲ್ಲಿ ವಂಶಪಾರಂಪರ್ಯದ ಈ ಚಾಕರಿಯನ್ನು ತೆಗೆದುಹಾಕಿತು. ಬಿಟ್ಟಿ ಹೋಯಿತು, ಒಳ್ಳೆಯದೇ ಆಯಿತು. ನೀರಿನ ಮೇಲಿದ್ದ ಒಂದೇ ಒಂದು ಹಿಡಿತವೂ ಅದರ ಜೊತೆಗೇ ಹೋಯಿತು.

ಧರ್ಮಾಂಬುಧಿ ತಾನಾಗಿ ಒಣಗಲಿಲ್ಲ. ಊರು ಬೆಳೆದಂತೆ ನೀರು ಬರುವ ದಾರಿಗಳ ಮೇಲೆ ರಸ್ತೆ ಬಂತು, ರೈಲು ಬಂತು, ಮನೆಗಳು ಬಂದವು. 1896ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಊರಿನೊಳಗಿನ ಕೆರೆ ಪಟ್ಟಣಕ್ಕೆ ಬೇಡವಾಯಿತು. ಬೇಡವಾದದ್ದನ್ನು ಯಾರು ಕಾಯುತ್ತಾರೆ? ಹೂಳು ತುಂಬಿತು. ಕೆರೆ ಮೈದಾನವಾಯಿತು, ಮೈದಾನ 1960ರ ದಶಕದಲ್ಲಿ ಬಸ್ ನಿಲ್ದಾಣವಾಯಿತು. ಈಗ ಅದರ ಹೊಟ್ಟೆಯೊಳಗೆ ಮೆಟ್ರೋ ಓಡುತ್ತಿದೆ. ಜೋರು ಮಳೆ ಬಂದರೆ ನೀರು ಇಂದಿಗೂ ತನ್ನ ಜಾಗ ಹುಡುಕಿಕೊಂಡು ಬರುತ್ತದೆ.

ಸಂಪಂಗಿ ಕೆರೆಯ ಕಥೆಯೂ ಇಂಥದೇ. 19ನೇ ಶತಮಾನದ ಕೊನೆಯಲ್ಲಿ ತೋಟಗಾರ ತಿಗಳರು ತಮ್ಮ ಬೆಳೆಗಾಗಿ ಕೆರೆಯಲ್ಲಿ ನೀರು ನಿಲ್ಲಲಿ ಎಂದು ಕೇಳಿಕೊಂಡರು. ದಂಡಿನ ದೊರೆಗಳಿಗೆ ಕುದುರೆ ಮೇಲೆ ಕೂತು ಪೋಲೊ ಆಡಲು ಒಣ ನೆಲ ಬೇಕಿತ್ತು. ಗೆದ್ದವರು ಯಾರು ಅಂತ ಹೇಳಬೇಕೆ? ಆ ನೆಲದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು ಅಲ್ಲೇ. ತಿಗಳರ ಪಾಲಿಗೆ ಉಳಿದದ್ದು ಕರಗದ ಪೂಜೆಗೊಂದು ಪುಟ್ಟ ಕೊಳ.

ತನ್ನ ಕೆರೆಗಳನ್ನು ಹೀಗೆ ಕಳಕೊಂಡ ಪಟ್ಟಣ ನಮ್ಮ ಹೊಳೆಗೆ ಮತ್ತೆ ಕೈ ಹಾಕಿತು. 1933ರಲ್ಲಿ ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿಯಲ್ಲಿ, ಅರ್ಕಾವತಿ ಕುಮುದ್ವತಿ ಕೂಡುವಲ್ಲಿ, ಅಣೆಕಟ್ಟು ಎದ್ದಿತು. ಆ ನೀರು ಬೆಂಗಳೂರಿಗೆ ಹೋಯಿತು. ಅದೇ ಪಟ್ಟಣದ ಕೊಳಕು, ಕಾರ್ಖಾನೆಯ ವಿಷ ಕೆಳಗಿಳಿದು ಬಂತು. 2012ರಲ್ಲಿ ಆ ನೀರು ಕುಡಿಯಲು ಆಗದೆಂದು ಪಟ್ಟಣವೇ ಬಿಟ್ಟಿತು. ವೃಷಭಾವತಿಯ ಕೊಚ್ಚೆ ಬೈರಮಂಗಲ ಕೆರೆ ತುಂಬಿ ಕನಕಪುರದ ಕಡೆಗೆ ಹರಿಯಿತು. ಕೊಟ್ಟದ್ದು ಹೊಳೆ, ಪಡೆದದ್ದು ಚರಂಡಿ.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರು ಬಂದ ಹಿಂದೆಯೇ ಭೂಮಿಯ ಬೆಲೆ ಬರುತ್ತದೆ. ರಾಮನಗರ ಪಟ್ಟಣದ ನಡುವೆ ಹರಿಯುವ ಅರ್ಕಾವತಿಯ ದಡವನ್ನು ಚಂದ ಮಾಡುವ ಮಾತೂ ನಡೆದಿದೆ. ಚಂದ ಯಾರಿಗೆ ಬೇಡ? ಗಬ್ಬು ನಾತದಲ್ಲಿ ಬದುಕುವವರಿಗೇ ಅದು ಎಲ್ಲರಿಗಿಂತ ಮೊದಲು ಬೇಕು. ಆದರೆ ಅಹಮದಾಬಾದಿನ ಸಾಬರಮತಿಯನ್ನು ನೋಡಿ. 1997ರಲ್ಲಿ ಅದಕ್ಕೊಂದು ನಿಗಮ ಹುಟ್ಟಿತು. 2005ರಲ್ಲಿ ಕೆಲಸ ಶುರುವಾಯಿತು. 2012ರಲ್ಲಿ ಜನ ಓಡಾಡುವ ದಡ ತೆರೆಯಿತು. ಆ ದಡದಲ್ಲಿ ಗುಡಿಸಲು ಹಾಕಿಕೊಂಡು ಪಟ್ಟಣಕ್ಕೆ ದುಡಿಯುತ್ತಿದ್ದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ಊರಾಚೆಗೆ ಸಾಗಿಸಿದರು. ನಕಾಶೆಯಲ್ಲಿ ದಡ ಖಾಲಿ ಇತ್ತು. ನೆಲದ ಮೇಲೆ ಒಲೆ ಉರಿಯುತ್ತಿತ್ತು.

ರೇಷ್ಮೆಯ ಪಟ್ಟಣ ರಾಮನಗರದಲ್ಲಿ ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ನೂಲು ಬಿಚ್ಚುವ ಕೈಗಳು ದಲಿತರವು, ಮುಸಲ್ಮಾನರವು. ಹೊಳೆದಂಡೆಗೆ ನಕಾಶೆ ಬರೆಯುವವರು ಮೊದಲು ಈ ಜನರ ಮನೆಬಾಗಿಲಿಗೆ ಬರಲಿ. ದಡದಲ್ಲಿ ವಾಸ ಇರುವವರ ಪಟ್ಟಿ, ಬಟ್ಟೆ ಒಗೆಯುವವರ, ದನ ಮೇಯಿಸುವವರ, ಸೊಪ್ಪು ಬೆಳೆಯುವವರ ಪಟ್ಟಿ ಬಸ್ ನಿಲ್ದಾಣದ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ. ಮನೆ ಕಟ್ಟಿಕೊಡುವುದಾದರೆ ಅದೇ ದಡದಲ್ಲಿ ಕಟ್ಟಲಿ. ಕಲ್ಲುಬೆಂಚು ಹಾಕುವ ಮೊದಲು ಹೊಳೆಗೆ ಬೀಳುವ ಕೊಚ್ಚೆ ನಿಲ್ಲಿಸಲಿ. ಇಷ್ಟನ್ನೂ ಮಾಡದೆ ಯಾರಾದರೂ ಆ ಜಾಗ ಖಾಲಿ ಇದೆ ಅಂದರೆ, ಯಾರು ಖಾಲಿ ಮಾಡಿಸಿದರು ಅಂತ ನಾವು ಕೇಳಬೇಕು. ಗೆಳೆಯರೆ, ಈ ಸಲ ಕಾಗದಕ್ಕೆ ರುಜು ಬೀಳುವ ಮೊದಲೇ ಕೇಳಬೇಕು.